ತಡಿಯಂಡಮೋಳ್ ಮೇಲೆ ಇನ್ನೊಂದು ತಡಿಯಂಡಮೋಳ್

ಪ್ರಶ್ನೆ: ನಾವು ನಾಲ್ವರು ಗೋಣಿಕೊಪ್ಪದ ಕಾಲೇಜು ದಿನಗಳ ಗೆಳೆಯರು, ಎಲ್ಲರಿಗೂ ಅರವತ್ತು ದಾಟಿದೆ. ಒಬ್ಬನ ಮಗಳು ಪೆರು ದೇಶದ ಲಿಮಾದಲ್ಲಿದ್ದಾಳೆ. ಜೂನ್‌ನಲ್ಲಿ ಅಲ್ಲಿಗೆ ಹೋದಾಗ ಒಂದು ಶನಿವಾರ, ಭಾನುವಾರ ಕುಸ್ಕೊ ನಗರ ನೋಡುವ ಆಸೆ. ಮಾಚು ಪಿಚುವನ್ನೂ ಸೇರಿಸಿಕೊಳ್ಳಬಹುದೇ? ಬೆಟ್ಟ ಹತ್ತಿ ಬೆಳೆದವರು ನಾವು, ಎತ್ತರದ ಅಂಜಿಕೆಯಿಲ್ಲ.
– ಓದುಗರು, ವಿರಾಜಪೇಟೆ

ಉತ್ತರ: ನಿಮ್ಮ ಕೊನೆಯ ವಾಕ್ಯ ಓದಿ ನಗು ಬಂತು. ನಮ್ಮ ತಂಡದಲ್ಲಿದ್ದ ನಿವೃತ್ತ ಸುಬೇದಾರರು ಲಿಮಾ ವಿಮಾನ ನಿಲ್ದಾಣದಲ್ಲಿ ಇದೇ ಮಾತು ಹೇಳಿದ್ದರು. ನಮ್ಮ ಕೊಡಗಿನ ತಡಿಯಂಡಮೋಳ್ ಬೆಟ್ಟ 1,748 ಮೀಟರ್. ಕುಸ್ಕೊ ಸುಮಾರು 3,400. ತಡಿಯಂಡಮೋಳ್ ನೆತ್ತಿಯ ಮೇಲೆ ಇನ್ನೊಂದು ತಡಿಯಂಡಮೋಳ್ ಕೂರಿಸಿ, ಅದರ ತುದಿಗೆ ಪೇಟೆ ಕಟ್ಟಿದಂತೆ. ಕಡಲಂಚಿನ ಲಿಮಾದಿಂದ ವಿಮಾನ ಒಂದೂಕಾಲು ಗಂಟೆಯಲ್ಲಿ ನಿಮ್ಮನ್ನು ಅಲ್ಲಿಗೆ ಎತ್ತಿ ಹಾಕುತ್ತದೆ. ಸುಬೇದಾರರು ಚೀಲ ಇಳಿಸಿದವರೇ ಸಾನ್ ಬ್ಲಾಸ್ ಕೇರಿಯ ಮೆಟ್ಟಿಲು ಹತ್ತಿದರು, ಅರ್ಧದಲ್ಲೇ ಕುಳಿತರು. ರಾತ್ರಿಯಿಡೀ ತಲೆನೋವು, ಅನ್ನ ಸೇರಲಿಲ್ಲ. ಅಷ್ಟಕ್ಕೇ ಮುಗಿದದ್ದು ನಮ್ಮ ಪುಣ್ಯ.

ಆದ್ದರಿಂದ ಶನಿವಾರ ಬೆಳಗಿನ ವಿಮಾನದಲ್ಲಿ ಹೋಗಿ, ನಿಲ್ದಾಣದಿಂದ ನೇರವಾಗಿ ಉರುಬಂಬ ಕಣಿವೆಗೆ ಇಳಿಯಿರಿ. ಅಲ್ಲಿ ಸುಮಾರು 2,870 ಮೀಟರ್. ರಾತ್ರಿ ಅಲ್ಲೇ ಮಲಗಿ, ಭಾನುವಾರ ಕುಸ್ಕೊಗೆ ಹತ್ತಿ ಬನ್ನಿ. ರಕ್ತದೊತ್ತಡ ಇರುವವರು ಊರಿನಲ್ಲೇ ವೈದ್ಯರನ್ನು ಕಾಣಬೇಕು. ಎತ್ತರದ ಬಾಧೆ ತಡೆಯಲು ಅವರು ಅಸೆಟಾಜೋಲಮೈಡ್ ಮಾತ್ರೆ ಬರೆದುಕೊಟ್ಟರೆ, ಸಲ್ಫಾ ಔಷಧಿ ಒಗ್ಗದವರು ಮೊದಲೇ ತಿಳಿಸಲಿ. ಕುಳಿತಲ್ಲೇ ಏದುಸಿರು ಬಂದರೆ, ಮಾತು ತಡವರಿಸಿದರೆ, ಟಿಕೆಟ್ಟಿನ ಲೆಕ್ಕ ಹಾಕದೆ ಕೆಳಗಿಳಿಯಿರಿ.

ಮಾಚು ಪಿಚು ಈ ಸಲ ಬೇಡ. ಅದು ಕುಸ್ಕೊಗಿಂತ ತಗ್ಗಿನಲ್ಲೇ ಇದೆ, ಆದರೆ ಅಲ್ಲಿಗೆ ನೇರ ವಾಹನದ ರಸ್ತೆಯಿಲ್ಲ. ರೈಲು, ಆಮೇಲೆ ಬಸ್, ಮುಂಚೆಯೇ ಕಾಯ್ದಿರಿಸಿದ ಪ್ರವೇಶ. ಎರಡು ದಿನದಲ್ಲಿ ಅದನ್ನೂ ತುರುಕಿದರೆ ನೀವು ನೋಡುವುದು ರೈಲಿನ ಕಿಟಕಿಯನ್ನು.

ಕುಸ್ಕೊದಲ್ಲಿ ಒಂದೇ ಒಂದು ಜಾಗ ನೋಡಿ ಎಂದರೆ ನಾನು ಕೊರಿಕಾಂಚ ಎನ್ನುತ್ತೇನೆ. ಸ್ಪೇನಿನವರು ಬರುವ ಮುಂಚೆ ಅಲ್ಲಿ ಆಳುತ್ತಿದ್ದ ಇಂಕಾಗಳ ಸೂರ್ಯ ದೇಗುಲ ಅದು. 1533ರಲ್ಲಿ ನಗರ ಹಿಡಿದ ಸ್ಪೇನಿನವರು ಅದರ ಗೋಡೆಗಳ ಮೇಲೆಯೇ ಸಾಂಟೊ ಡೊಮಿಂಗೊ ಇಗರ್ಜಿ ಮತ್ತು ಮಠ ಕಟ್ಟಿದರು. 1950ರ ಭೂಕಂಪದಲ್ಲಿ ಮೇಲಿನ ಕಟ್ಟಡ ಬಹಳ ಹಾಳಾಯಿತು. ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಬೆಸೆದ ಕೆಳಗಿನ ಗೋಡೆಗಳು ಅಲುಗದೆ ನಿಂತವು. ಮಡಿಕೇರಿ ಕೋಟೆಯೊಳಗೆ ಬ್ರಿಟಿಷರ ಇಗರ್ಜಿ ಕಂಡು ಬೆಳೆದ ನಮಗೆ ಅಲ್ಲಿ ನಿಂತಾಗ ವಿವರಣೆಕಾರನ ಮಾತು ಬೇಕಾಗಲಿಲ್ಲ. ಭಾನುವಾರವಾದ್ದರಿಂದ ತೆರೆಯುವ ವೇಳೆ ಕೇಳಿಕೊಂಡು ಹೋಗಿ. ಕೆಥೆಡ್ರಲ್‌ನಲ್ಲಿ ಯೇಸುವಿನ ಕೊನೆಯ ಭೋಜನದ ದೊಡ್ಡ ಚಿತ್ರವಿದೆ, ಮಾರ್ಕೋಸ್ ಸಪಾಟ ಬರೆದದ್ದು. ಮೇಜಿನ ನಡುವಿನ ತಟ್ಟೆಯಲ್ಲಿ ಅಲ್ಲಿಯ ಗಿನಿಯಿಲಿ ಅಂಗಾತ ಮಲಗಿದೆ.

ಊಟದ ಚಿಂತೆ ಬೇಡ. ಚಿಚರ್ರೋನ್ ಎಂದು ಕೇಳಿ: ಹಂದಿ ಮಾಂಸವನ್ನು ಅದರದೇ ಕೊಬ್ಬಿನಲ್ಲಿ ಹುರಿದು, ಜೋಳದ ಕಾಳು, ಪುದೀನದ ಜೊತೆ ಕೊಡುತ್ತಾರೆ. ಹಂದಿ ಮಾಂಸಕ್ಕೆ ನಾವು ಹಾಕುವ ಹುಳಿ, ಕಾಚಂಪುಳಿ, ಇಲ್ಲವೆಂಬ ಕೊರತೆ ಇದ್ದೇ ಇರುತ್ತದೆ.

ನಮ್ಮಲ್ಲಿ ಮಳೆ ಹೊಯ್ಯುವ ಜೂನ್ ಅಲ್ಲಿ ಒಣ ಹವೆಯ ತಿಂಗಳು. ಹಗಲು ಬಿಸಿಲು, ರಾತ್ರಿ ನೀರು ಹೆಪ್ಪುಗಟ್ಟುವಷ್ಟು ಚಳಿ. 24ರಂದು ಇಂತಿ ರೈಮಿ ಎಂಬ ಸೂರ್ಯನ ಹಬ್ಬ. ಆ ವಾರ ಕೋಣೆ ಸಿಗುವುದು ಕಷ್ಟ.

ಕೋಕಾ ಎಲೆಯ ಚಹಾವನ್ನು ಎಲ್ಲ ಕಡೆ ಕೊಡುತ್ತಾರೆ. ಎಲೆಯ ಪೊಟ್ಟಣವನ್ನು ಮಾತ್ರ ಚೀಲಕ್ಕೆ ಹಾಕಬೇಡಿ, ಭಾರತದಲ್ಲಿ ಅದು ನಿಷಿದ್ಧ. ಕುಸ್ಕೊ ಸೀಮೆಯದೇ ಆದ ಕಿಲ್ಯಬಂಬದ ಕಾಫಿಪುಡಿ ಕೊಳ್ಳಿ. ಸುಬೇದಾರರು ಒಂದು ಕಿಲೋ ತಂದರು. ಅವರ ಮನೆಯವರು ಅದಕ್ಕೆ ಚಿಕೋರಿ ಬೆರೆಸಿ, ಬೆಲ್ಲ ಹಾಕಿ ಕುದಿಸಿ, ‘ಇದಕ್ಕೆ ಅಷ್ಟು ದೂರ ಹೋಗಬೇಕಿತ್ತೇ?’ ಎಂದರು.