ರೇಡಿಯೊ ಬಿಡಿ, ಮೊದಲು ಡ್ಯೂಪ್ಲೆಕ್ಸರ್ ತೋರಿಸಿ

"ಹಳೆಯ ಕಮರ್ಷಿಯಲ್ ವಿಎಚ್‌ಎಫ್ ರಿಪೀಟರ್ ಒಂದು ಡ್ಯೂಪ್ಲೆಕ್ಸರ್ ಸಮೇತ 18 ಸಾವಿರಕ್ಕೆ ಸಿಗ್ತಿದೆ, ಹ್ಯಾಮ್ ಬ್ಯಾಂಡಿಗೆ ತರೋಕೆ ಯಾವ ಸಾಫ್ಟ್‌ವೇರ್ ಬೇಕು?" ನಿಮ್ಮ ಈ ಪ್ರಶ್ನೆ ಓದಿ ನಗು ಬಂತು. ನಿಮ್ಮನ್ನು ನೋಡಿ ಅಲ್ಲ, ನನ್ನನ್ನೇ ನೆನೆದು. (ಹೊಸಬರಿಗೆ: ಹ್ಯಾಮ್ ಅಂದ್ರೆ ಲೈಸೆನ್ಸ್ ಇರುವ ಹವ್ಯಾಸಿ ರೇಡಿಯೊದವರು. ರಿಪೀಟರ್ ಅಂದ್ರೆ ದೂರದ ಸಣ್ಣ ಸಿಗ್ನಲ್ ಕೇಳಿ, ಅದನ್ನೇ ಇನ್ನೊಂದು ಫ್ರೀಕ್ವೆನ್ಸಿಯಲ್ಲಿ ಜೋರಾಗಿ ಮತ್ತೆ ಹೇಳೋ ಪೆಟ್ಟಿಗೆ. ವಿಎಚ್‌ಎಫ್ ಅನ್ನೋದು ಫ್ರೀಕ್ವೆನ್ಸಿಗಳ ಒಂದು ಪಟ್ಟಿ.) 2014ರಲ್ಲಿ ನಾನೂ ಇದೇ ಪ್ರಶ್ನೆ ಹಿಡಿದುಕೊಂಡು ಎಲ್ಲರನ್ನೂ ಪೀಡಿಸಿದ್ದೆ. ಎಲ್ಲರೂ ಸಾಫ್ಟ್‌ವೇರ್ ಹೆಸರು ಹೇಳಿದರು. ಡ್ಯೂಪ್ಲೆಕ್ಸರ್ ಎಂಥದು ಅಂತ ಒಬ್ಬರೂ ಕೇಳಲಿಲ್ಲ.

ನನ್ನದು ಬೆಂಗಳೂರಿನ ಎಸ್‌ಪಿ ರೋಡಿನ ಗುಜರಿ ಅಂಗಡಿಯಲ್ಲಿ ಸಿಕ್ಕ ಸೆಟ್ಟು. ಒಳಗೆ ಎರಡು ಮೋಟೊರೋಲಾ ಜಿಎಂ300, ಒಂದು ಕೇಳೋಕೆ, ಒಂದು ಮಾತಾಡೋಕೆ. ಕೆಳಗೆ ಎರಡು ಇಟ್ಟಿಗೆ ಪಕ್ಕಪಕ್ಕ ಇಟ್ಟಷ್ಟು ದೊಡ್ಡದಾದ ಡ್ಯೂಪ್ಲೆಕ್ಸರ್ ಪೆಟ್ಟಿಗೆ, ಅದರ ತಲೆ ಮೇಲೆ ಆರು ಟ್ಯೂನಿಂಗ್ ಸ್ಕ್ರೂ. ಒಂದೇ ಆಂಟೆನಾದಲ್ಲಿ ಕೇಳುತ್ತಲೇ ಮಾತಾಡಬೇಕಲ್ಲ, ಎರಡನ್ನೂ ಬೇರೆ ಮಾಡಿ ಇಡೋದು ಅದರ ಕೆಲಸ. ಅದರ ಮೇಲೆ ಮಾಸಿದ ಲೇಬಲ್ ಒಂದಿತ್ತು. ನಾನು ಅದನ್ನು ಒರೆಸಿ ಓದಲಿಲ್ಲ. ಮುಂದಿನ ನಾಲ್ಕು ತಿಂಗಳ ಪಾಡೆಲ್ಲ ಆ ಒಂದು ಲೇಬಲ್ ಓದದ್ದಕ್ಕೆ.

ಸಾಫ್ಟ್‌ವೇರ್ ಕಥೆ ಬೇಗ ಮುಗಿಸಿಬಿಡ್ತೀನಿ. ಜಿಎಂ300ಕ್ಕೆ ಹಳೆಯ ಡಾಸ್ ಪ್ರೋಗ್ರಾಂ ಬೇಕು. ಈಗಿನ ಲ್ಯಾಪ್‌ಟಾಪ್‌ನ ವೇಗಕ್ಕೆ ಅದು ತಲೆತಿರುಗಿ ಬೀಳುತ್ತದೆ. ಗೆಳೆಯನ ಮನೆ ಅಟ್ಟದಿಂದ ಒಂದು 486 ಕಂಪ್ಯೂಟರ್ ಇಳಿಸಿ, ದೂಳು ಕೊಡವಿ, ಒಂದು ಭಾನುವಾರದಲ್ಲಿ ಕೆಲಸ ಮುಗಿಸಿದೆ. ಹಿಂದಿನ 16 ಪಿನ್ನಿನ ಕನೆಕ್ಟರಿನಿಂದ ಎರಡು ಸೆಟ್ಟನ್ನೂ ಜೋಡಿಸಿದೆ. ಅಷ್ಟೇ.

ಒಂದು ಮಾತು ಮಾತ್ರ ನೆನಪಿಡಿ. ಈ ಸೆಟ್ಟುಗಳಲ್ಲಿ 136ರಿಂದ 162 ಮೆಗಾಹರ್ಟ್ಸ್ ಒಂದು ಬಗೆ, 146ರಿಂದ 174 ಇನ್ನೊಂದು ಬಗೆ. ಅಮೆರಿಕದವರು ಎರಡನೆಯದನ್ನೂ ಸಲೀಸಾಗಿ ಬಳಸುತ್ತಾರೆ, ಯಾಕಂದ್ರೆ ಅವರ ಹ್ಯಾಮ್ ಬ್ಯಾಂಡ್ 148ರ ತನಕ ಇದೆ. ನಮ್ಮದು 144ರಿಂದ 146, ಅಲ್ಲಿಗೆ ಮುಗಿಯಿತು. ಅವರ ವಿಡಿಯೊ ನೋಡಿ 146-174ರ ಸೆಟ್ಟು ತಂದರೆ ಅದು ನಮ್ಮ ಬ್ಯಾಂಡಿನ ಬಾಗಿಲಲ್ಲೇ ನಿಂತುಬಿಡುತ್ತದೆ. ನನಗೆ ಅದೃಷ್ಟಕ್ಕೆ ಮೊದಲನೇ ಬಗೆಯದು ಸಿಕ್ಕಿತ್ತು.

ಆಮೇಲೆ ಆ ಆರು ಸ್ಕ್ರೂ ತಿರುಗಿಸಿ ಡ್ಯೂಪ್ಲೆಕ್ಸರನ್ನೂ ನಮ್ಮ ಫ್ರೀಕ್ವೆನ್ಸಿಗೆ "ಟ್ಯೂನ್" ಮಾಡಿದೆ. ಮನೆಯಲ್ಲಿ ಟೆಸ್ಟ್ ಮಾಡಿದೆ. ಅಡುಗೆಮನೆಯಿಂದ ಹ್ಯಾಂಡಿಯಲ್ಲಿ, ಅಂದ್ರೆ ಕೈಲಿ ಹಿಡಿಯೋ ವಾಕಿಟಾಕಿಯಲ್ಲಿ, ಕರೆದರೆ ಹಾಲ್‌ನಲ್ಲಿದ್ದ ರಿಪೀಟರ್ ಗಂಟೆ ಬಾರಿಸಿದ ಹಾಗೆ ಮಾತಾಡಿತು. ಹೆಂಡತಿಗೂ ಕೇಳಿಸಿದೆ. "ಇಷ್ಟು ಹತ್ತಿರಕ್ಕೆ ಇದೆಲ್ಲ ಯಾಕೆ, ಕೂಗಿದ್ರೆ ಸಾಲದಾ?" ಅಂದಳು. ಆ ಪ್ರಶ್ನೆಯಲ್ಲಿ ಎಷ್ಟು ತಾಂತ್ರಿಕ ಸತ್ಯ ಇತ್ತು ಅಂತ ಆಗ ಗೊತ್ತಾಗಲಿಲ್ಲ.

ಚಿಕ್ಕಮಗಳೂರು ಕಡೆ ಪರಿಚಯದವರ ಕಾಫಿ ತೋಟ. ಮೇಲಿನ ಗುಡ್ಡದಲ್ಲಿ ಪಂಪ್‌ಹೌಸ್, ಪಕ್ಕದಲ್ಲಿ ಕಂಬ. ಪರವಾನಗಿ ಎಲ್ಲ ಕೈಗೆ ಬಂದ ಮೇಲೆ ಅಲ್ಲಿ ಇಟ್ಟೆವು. 10 ಕಿಲೋಮೀಟರ್ ಇಳಿದು ಬಂದು ಹ್ಯಾಂಡಿ ಒತ್ತಿದೆ. ರಿಪೀಟರ್ ಎದ್ದಿತು. ಅರ್ಧ ಅಕ್ಷರ ಬಂತು, ಮಾಯ. ಮತ್ತೆ ಎದ್ದಿತು, ಮತ್ತೆ ಮಾಯ. ನಾನು ಒತ್ತಿ ಹಿಡಿದಷ್ಟು ಹೊತ್ತೂ ಮಳೆಗಾಲದ ಕಪ್ಪೆ ಥರ ವಟರ್, ವಟರ್. ಗುಡ್ಡದ ಮೇಲಿದ್ದ ತೋಟದ ಮೇಸ್ತ್ರಿ ಫೋನ್ ಮಾಡಿ, "ಸಾರ್, ನಿಮ್ಮ ಪೆಟ್ಟಿಗೆ ಬಿಕ್ಕಳಿಸ್ತಾ ಇದೆ" ಅಂದ. ಅದಕ್ಕಿಂತ ಸರಿಯಾದ ವರದಿಯನ್ನು ಯಾವ ಎಂಜಿನಿಯರೂ ಕೊಡಲಾರ.

ಆಂಟೆನಾ ಬದಲಾಯಿಸಿದೆ. ಕನೆಕ್ಟರ್ ಎಲ್ಲ ಬಿಚ್ಚಿ ಮತ್ತೆ ಬೆಸುಗೆ ಹಾಕಿದೆ. ಪವರ್ ಸಪ್ಲೈ ಬದಲಾಯಿಸಿದೆ. ಕೇಳೋ ಕಡೆಗೆ ಸಿಗ್ನಲ್ ದೊಡ್ಡದು ಮಾಡೋ ಪ್ರಿಆಂಪ್ ಹಾಕಿದೆ, ಬಿಕ್ಕಳಿಕೆ ಜಾಸ್ತಿಯಾಯಿತು! ಕೊನೆಗೆ ಮತ್ತೆ ಆ ಸ್ಕ್ರೂಗಳಿಗೆ ಕೈ ಹಾಕಿದೆ. ತಿರುಗಿಸಿದಷ್ಟೂ ಬಿಕ್ಕಳಿಕೆ ಸ್ವಲ್ಪ ಕಡಿಮೆ, ಪವರ್ ಇನ್ನೂ ಕಡಿಮೆ. 25 ವ್ಯಾಟ್ ಒಳಗೆ ಹೋದರೆ ಹೊರಗೆ ಬರ್ತಿದ್ದದ್ದು 6. ಮಿಕ್ಕದ್ದು ಸ್ವಲ್ಪ ಪೆಟ್ಟಿಗೆಯಲ್ಲೇ ಬಿಸಿಯಾಗಿ, ಇನ್ನು ಸ್ವಲ್ಪ ಬಂದ ದಾರಿಯಲ್ಲೇ ವಾಪಸು ಸೆಟ್ಟಿಗೆ. ಹೀಟ್‌ಸಿಂಕ್ ದೋಸೆ ಕಲ್ಲಾಗಿತ್ತು. ನಾಲ್ಕನೇ ತಿಂಗಳು ಟ್ರಾನ್ಸ್‌ಮಿಟರಿನ ಫೈನಲ್ (ಕೊನೆಯ ಹಂತದ ಪವರ್ ಟ್ರಾನ್ಸಿಸ್ಟರ್) ಸುಟ್ಟಿತು.

ಮೈಸೂರಿನ ಒಬ್ಬ ಹಿರಿಯ ಹ್ಯಾಮ್ ಮುಂದೆ ಹೋಗಿ ಅತ್ತೆ. ಅವರು ಎರಡೇ ಪ್ರಶ್ನೆ ಕೇಳಿದರು. "ಡ್ಯೂಪ್ಲೆಕ್ಸರ್ ಎಷ್ಟು ಅಂತರಕ್ಕೆ ಮಾಡಿದ್ದು?" ಗೊತ್ತಿಲ್ಲ ಅಂದೆ. "ಟೆಸ್ಟ್ ಮಾಡುವಾಗ ಹ್ಯಾಂಡಿ ಎಲ್ಲಿತ್ತು?" ಅಡುಗೆಮನೆಯಲ್ಲಿ ಅಂದೆ. ಒಂದು ನಿಮಿಷ ಸುಮ್ನೆ ಕೂತರು. "ಏನಪ್ಪಾ, ಕಿವಿ ಪಕ್ಕ ಓಲಗದ ಡೋಲು ಬಾರಿಸಿಕೊಂಡು ಪಿಸುಮಾತು ಕೇಳಿಸ್ಕೋತೀನಿ ಅಂತೀಯಲ್ಲ."

ಇದನ್ನು ಸ್ವಲ್ಪ ಬಿಡಿಸಿ ಹೇಳ್ತೀನಿ, ನಾನು ದುಡ್ಡು ಕೊಟ್ಟು ಕಲಿತ ಪಾಠ ಇದೊಂದೇ. ಕಮರ್ಷಿಯಲ್ ಬಳಕೆಯಲ್ಲಿ ಕೇಳುವ ಮತ್ತು ಮಾತಾಡುವ ಫ್ರೀಕ್ವೆನ್ಸಿಗಳ ನಡುವೆ ಸಾಮಾನ್ಯವಾಗಿ ಹಲವು ಮೆಗಾಹರ್ಟ್ಸ್ ಅಂತರ ಇರುತ್ತದೆ. ಲೇಬಲ್ ಒರೆಸಿ ನೋಡಿದರೆ ನನ್ನ ಪೆಟ್ಟಿಗೆ 5 ಮೆಗಾಹರ್ಟ್ಸ್‌ಗೆ ಮಾಡಿದ್ದು. ಹ್ಯಾಮ್‌ಗಳಲ್ಲಿ 2 ಮೀಟರ್ ಬ್ಯಾಂಡಿನ (ಮೇಲೆ ಹೇಳಿದ 144-146ರದೇ ಹೆಸರು) ರೂಢಿಯ ಅಂತರ 600 ಕಿಲೋಹರ್ಟ್ಸ್. ಎಂಟರಲ್ಲಿ ಒಂದು ಪಾಲೂ ಇಲ್ಲ. ಡ್ಯೂಪ್ಲೆಕ್ಸರಿನ ಕ್ಯಾವಿಟಿ, ಅಂದ್ರೆ ಒಳಗಿನ ಪೊಳ್ಳು ಕೋಣೆ, ಒಂದು ಫ್ರೀಕ್ವೆನ್ಸಿಯನ್ನು ಬಿಟ್ಟು ಇನ್ನೊಂದನ್ನು ತಡೆಯಬೇಕು. ಎರಡೂ ದೂರ ಇದ್ದರೆ ಸಣ್ಣ ಕ್ಯಾವಿಟಿಯೂ ನಿಭಾಯಿಸುತ್ತದೆ. ಹತ್ತಿರ ಬಂದರೆ ತಡೆಯಬೇಕಾದದ್ದರ ಜೊತೆಗೆ ಬಿಡಬೇಕಾದದ್ದನ್ನೂ ತಿನ್ನುತ್ತದೆ. ನನ್ನ 19 ವ್ಯಾಟ್ ಹೋದದ್ದು ಹಾಗೆ.

25 ವ್ಯಾಟಿನ ಟ್ರಾನ್ಸ್‌ಮಿಟರಿಗೂ ಅದರ ಪಕ್ಕದ ರಿಸೀವರ್ ಕೇಳಿಸಿಕೊಳ್ಳಬೇಕಾದ ಬಡಪಾಯಿ ಸಿಗ್ನಲ್ಲಿಗೂ ಇರುವ ಅಂತರ ಸುಮಾರು 160 ಡೆಸಿಬೆಲ್. ಅಂದರೆ ಒಂದರ ಮುಂದೆ 16 ಸೊನ್ನೆ ಹಾಕಿದಷ್ಟು ಪಟ್ಟು. ಇದರಲ್ಲಿ ಸ್ವಲ್ಪ ಭಾರವನ್ನು ರಿಸೀವರ್ ತಾನೇ ಹೊರುತ್ತದೆ. 600 ಕಿಲೋಹರ್ಟ್ಸ್‌ನಲ್ಲಿ ಡ್ಯೂಪ್ಲೆಕ್ಸರ್ ಪಾಲಿಗೆ ಬರೋದು 80-90 ಡೆಸಿಬೆಲ್. ನನ್ನದರಲ್ಲಿ ಅಳೆದಾಗ ಸಿಕ್ಕಿದ್ದು 45. ಬಿಕ್ಕಳಿಕೆ ಅದಕ್ಕೇ: ಟ್ರಾನ್ಸ್‌ಮಿಟರ್ ಎದ್ದೊಡನೆ ರಿಸೀವರ್ ಕಿವುಡು, ಅದು ಕಿವುಡಾದೊಡನೆ ಟ್ರಾನ್ಸ್‌ಮಿಟರ್ ಮಲಗುತ್ತದೆ, ಆಗ ಮತ್ತೆ ಕೇಳಿಸುತ್ತದೆ, ಮತ್ತೆ ಏಳುತ್ತದೆ. ಇನ್ನೊಂದು ವಿಷಯ. ಟ್ರಾನ್ಸ್‌ಮಿಟರ್ ತನ್ನ ಫ್ರೀಕ್ವೆನ್ಸಿಯಲ್ಲಿ ಮಾತ್ರ ಸದ್ದು ಮಾಡಲ್ಲ, ಅಕ್ಕಪಕ್ಕವೂ ಗೊರಗುಡುತ್ತದೆ. ಆ ಗೊರಗೊರ ನೇರವಾಗಿ ನೀವು ಕೇಳುವ ಫ್ರೀಕ್ವೆನ್ಸಿಯ ಮೇಲೇ ಬಂದು ಬಿದ್ದರೆ ರಿಸೀವರ್ ಕಡೆ ಎಂಥ ಫಿಲ್ಟರ್ ಹಾಕಿದರೂ ತೆಗೆಯೋಕಾಗಲ್ಲ. ಟ್ರಾನ್ಸ್‌ಮಿಟರ್ ಕಡೆಯೇ ತಡೆಯಬೇಕು. ಪ್ರಿಆಂಪ್ ಹಾಕಿ ನಾನು ಮಾಡಿದ್ದು ಆ ಗೊರಗೊರವನ್ನೇ ದೊಡ್ಡದು ಮಾಡಿದ್ದು.

ಅಡುಗೆಮನೆಯಿಂದ ಇದು ಯಾಕೆ ಕಾಣಲಿಲ್ಲ ಅಂದ್ರೆ, ಅಲ್ಲಿಂದ ನನ್ನ ಹ್ಯಾಂಡಿ ಪಿಸುಗುಟ್ಟುತ್ತಿರಲಿಲ್ಲ, ಕಿರುಚುತ್ತಿತ್ತು. ಡೋಲನ್ನೂ ಮೀರಿ. ಸರಿಯಾದ ಟೆಸ್ಟ್ ಹತ್ತು ನಿಮಿಷದ್ದು. ಟ್ರಾನ್ಸ್‌ಮಿಟರನ್ನು ಡಮ್ಮಿ ಲೋಡಿಗೆ (ಆಂಟೆನಾ ಬದಲು ಪವರನ್ನು ನುಂಗಿಕೊಳ್ಳೋ ಸಾಧನ) ಹಾಕಿ. ಗೆಳೆಯರೊಬ್ಬರನ್ನು ಮಾತು ಕಷ್ಟಪಟ್ಟು ಕೇಳುವಷ್ಟು ದೂರಕ್ಕೆ ಕಳಿಸಿ. ಈಗ ಟ್ರಾನ್ಸ್‌ಮಿಟರನ್ನು ಡ್ಯೂಪ್ಲೆಕ್ಸರಿಗೆ ಸೇರಿಸಿ ಕೈಯಿಂದಲೇ ಆನ್ ಮಾಡಿ. ಅವರ ದನಿ ಮುಳುಗಿತಾ? ಹಾಗಾದರೆ ಗುಡ್ಡ ಹತ್ತಬೇಡಿ.

ಅದಾದ ಮೇಲೆ ಮೊಬೈಲ್ ಟವರಿನಿಂದ ಗುಜರಿಗೆ ಬಂದ ದಪ್ಪ ತಾಮ್ರದ ಫೀಡರ್ ಕೇಬಲ್ ತೂಕದ ಲೆಕ್ಕದಲ್ಲಿ ತಂದೆ. 45 ಸೆಂಟಿಮೀಟರ್ ಆಸುಪಾಸಿನ ಆರು ತುಂಡು ಮಾಡಿ, ಒಂದೊಂದನ್ನೂ ಒಂದೊಂದು ಕ್ಯಾವಿಟಿಯಾಗಿಸಿ, ನಾನೇ ಡ್ಯೂಪ್ಲೆಕ್ಸರ್ ಕಟ್ಟಿದೆ. ಎರಡು ತಿಂಗಳು ಹಿಡಿಯಿತು. ತಡೆ 80 ಡೆಸಿಬೆಲ್ ದಾಟಿತು. ಪವರನ್ನು 10 ವ್ಯಾಟಿಗೆ ಇಳಿಸಿದೆ. ಬಿಕ್ಕಳಿಕೆ ನಿಂತಿತು. ಈಗ ಇಂಥದಕ್ಕೆ ನ್ಯಾನೊವಿಎನ್ಎ ಅನ್ನೋ ಪುಟ್ಟ ಅಳತೆ ಸಾಧನ ಇದೆ, ಆದರೆ ಇಷ್ಟು ಆಳದ ತಡೆಯನ್ನು ಅದು ಒಟ್ಟಿಗೆ ನೋಡಲಾರದು. ಒಂದೊಂದೇ ಕ್ಯಾವಿಟಿ ಅಳೆದು ಕೂಡಿಸಿ.

"10 ವ್ಯಾಟಾ?" ಅಂತ ಮೂಗು ಮುರಿಯಬೇಡಿ. ನಿಮ್ಮವರ ಕೈಯಲ್ಲಿರೋದು 5 ವ್ಯಾಟಿನ ಹ್ಯಾಂಡಿ. ರಿಪೀಟರ್ ಮಾತು ಮೂರು ತಾಲ್ಲೂಕಿಗೆ ಕೇಳಿ, ಅಲ್ಲಿಂದ ಯಾರ ಮಾತೂ ಅದಕ್ಕೆ ಕೇಳದಿದ್ದರೆ ಏನು ಬಂತು? ಬಾಯಿ ಬೊಂಬಾಯಿ, ಕಿವಿ ಕಿವುಡು.

ಇನ್ನೂ ಮೇಲಿನ ಫ್ರೀಕ್ವೆನ್ಸಿಗಳ ಪಟ್ಟಿಯಾದ ಯುಎಚ್‌ಎಫ್‌ಗೆ ಹೋದರೆ 5 ಮೆಗಾಹರ್ಟ್ಸ್ ಅಂತರ ಸಿಗುತ್ತೆ ಅಂತ ಯಾರಾದರೂ ಹೇಳಬಹುದು. ನಮಗಿರುವುದು 434ರಿಂದ 438, ಒಟ್ಟು 4 ಮೆಗಾಹರ್ಟ್ಸ್. ಅಮೆರಿಕದ ಲೆಕ್ಕ ಇಲ್ಲಿ ಹಿಡಿಸಲ್ಲ. ಎತ್ತರದ ಕಂಬ ಇದ್ದರೆ ಡ್ಯೂಪ್ಲೆಕ್ಸರ್ ಬಿಟ್ಟು ಎರಡು ಆಂಟೆನಾ ಒಂದರ ಮೇಲೊಂದು ಹಾಕಬಹುದು, ಆದರೆ 10 ಮೀಟರ್ ಅಂತರಕ್ಕೆ ಸಿಗೋದು 55 ಡೆಸಿಬೆಲ್ ಅಷ್ಟೇ. ಅದೊಂದರಿಂದಲೇ ಕೆಲಸ ಆಗಲ್ಲ.

ಹಾಗಾಗಿ, ನನ್ನ ಮಾತು ಕೇಳೋದಾದ್ರೆ, 18 ಸಾವಿರ ಕೊಡಬೇಡಿ. ಡ್ಯೂಪ್ಲೆಕ್ಸರ್ ಲೆಕ್ಕಕ್ಕಿಲ್ಲ ಅಂದುಕೊಂಡು ಬರೀ ಎರಡು ಸೆಟ್ಟಿನ ಬೆಲೆಗೆ ಚೌಕಾಸಿ ಮಾಡಿ. ಲೈಸೆನ್ಸ್ ಮತ್ತು ರಿಪೀಟರ್ ಅನುಮತಿ ಇಲ್ಲದಿದ್ದರೆ ಅದನ್ನೂ ಮಾಡಬೇಡಿ. ಅಂಗಡಿಯವರಿಗೆ ಹೇಳಿ ಒಂದು ಒದ್ದೆ ಬಟ್ಟೆಯಲ್ಲಿ ಆ ಪೆಟ್ಟಿಗೆಯ ಲೇಬಲ್ ಒರೆಸಿಸಿ, ಫೋಟೊ ತೆಗೆದು ಇಲ್ಲಿ ಹಾಕಿ. ಸೆಟ್ಟಿನ ಹಿಂದಿನ ಮಾಡೆಲ್ ನಂಬರಿನದೂ ಒಂದಿರಲಿ. ನೋಡಿ ಹೇಳ್ತೀನಿ. 73 (ಹ್ಯಾಮ್‌ಗಳ ಭಾಷೆಯಲ್ಲಿ ಶುಭಾಶಯ).