ನಿರ್ದೇಶಕರು ಸೆಟ್‌ನಲ್ಲಿ ಹೇಗೆ ಕೆಲಸ ಮಾಡುತ್ತಾರೆ ಅಂತ ನಿಜವಾಗಿ ತೋರಿಸುವ ಮೇಕಿಂಗ್ ವಿಡಿಯೋಗಳು ಯಾವುವು?

ಸಿಗುವ ಮೇಕಿಂಗ್ ವಿಡಿಯೋಗಳಲ್ಲೆಲ್ಲ ಬರೀ ಹೊಗಳಿಕೆ, ಕೆಲಸ ಕಾಣಿಸುವುದೇ ಇಲ್ಲ ಅಂತ ಬರೆದಿದ್ದೀರಿ. ನಿಜ. ನಿರ್ದೇಶಕರು ಕೈ ತೋರಿಸಿ ಏನೋ ವಿವರಿಸುತ್ತಿರುತ್ತಾರೆ, ಮೇಲೆ ಜೋರಾಗಿ ಸಂಗೀತ. ಅವರು ಹೇಳಿದ್ದು ಒಂದು ಮಾತೂ ಕೇಳಿಸುವುದಿಲ್ಲ. ಅವನ್ನು ಮಾಡುವುದೇ ಬಿಡುಗಡೆಯ ಪ್ರಚಾರಕ್ಕೆ.

ನಾನು ಎಡಿಟಿಂಗ್ ಮಾಡುವವನು. ರಶಸ್ (ಶೂಟಿಂಗ್‌ನಲ್ಲಿ ತೆಗೆದ, ಇನ್ನೂ ಕತ್ತರಿಸದ ದೃಶ್ಯಗಳು) ನೋಡುವಾಗ, 'ಕಟ್' ಅಂದ ಮೇಲೂ ಒಮ್ಮೊಮ್ಮೆ ಕ್ಯಾಮೆರಾ ಓಡುತ್ತಲೇ ಇರುತ್ತದೆ. ನಿರ್ದೇಶಕರು ನಟರ ಹತ್ತಿರ ಬಂದು ಮೆಲ್ಲಗೆ ಏನೋ ಹೇಳುತ್ತಾರೆ. ಮುಂದಿನ ಟೇಕ್‌ನಲ್ಲಿ ಅದೇ ಮಾತು ಬೇರೆ ಥರ ಬರುತ್ತದೆ. ನಿರ್ದೇಶನದ ತಿರುಳು ಅಲ್ಲೇ ಇದೆ ಅಂತ ನಾನು ನಂಬಿದ್ದೇನೆ. ಹಾಗಾಗಿ ಯಾವುದೇ ಮೇಕಿಂಗ್ ನೋಡಿದರೂ 'ಕಟ್' ಆದ ಮೇಲೆ ಏನಾಗುತ್ತದೆ ಅಂತ ಗಮನಿಸಿ. ಅದನ್ನು ತೋರಿಸದ ವಿಡಿಯೋ ನಿಮಗೆ ಬೇಡ.

ಈ ವಿಷಯದಲ್ಲಿ ನನಗೆ ಅತಿ ಹೆಚ್ಚು ಕಲಿಸಿದ್ದು 'ಫ್ಯಾನಿ ಅಂಡ್ ಅಲೆಕ್ಸಾಂಡರ್' ಮೇಕಿಂಗ್. ಆ ಸಿನಿಮಾದ ನಿರ್ದೇಶಕ ಇಂಗ್ಮಾರ್ ಬರ್ಗ್‌ಮನ್ ತಾವೇ ಅದನ್ನು ಸಾಕ್ಷ್ಯಚಿತ್ರವಾಗಿ ಕಟ್ಟಿದ್ದಾರೆ. ಅದರಲ್ಲಿ ಹಿರಿಯ ನಟ ಗುನ್ನಾರ್ ಬ್ಯೋರ್ನ್‌ಸ್ಟ್ರಾಂಡ್ ವಿದೂಷಕನ ವೇಷದಲ್ಲಿ ಹಾಡಬೇಕು. ದಶಕಗಳಿಂದ ಬರ್ಗ್‌ಮನ್ ಜೊತೆ ಕೆಲಸ ಮಾಡಿದವರು. ಆ ಹೊತ್ತಿಗೆ ಅವರ ನೆನಪಿನ ಶಕ್ತಿ ಕುಂದಿತ್ತು. ಸಾಲುಗಳು ತಪ್ಪುತ್ತವೆ. ಮತ್ತೆ ಟೇಕ್, ಮತ್ತೆ ತಪ್ಪು. ಬರ್ಗ್‌ಮನ್ ಸಿಡುಕುವುದಿಲ್ಲ, ಧೈರ್ಯ ತುಂಬಿ ಮತ್ತೆ ಶುರು ಮಾಡಿಸುತ್ತಾರೆ. ಇಡೀ ಸೆಟ್ ಕಾಯುತ್ತದೆ. ಸಿನಿಮಾದಲ್ಲಿ ಆ ದೃಶ್ಯ ಸಲೀಸಾಗಿ ಬಂದು ಹೋಗುತ್ತದೆ. ಅದರ ಹಿಂದೆ ಇಷ್ಟೊಂದು ತಾಳ್ಮೆ ಇತ್ತು ಅಂತ ಗೊತ್ತಾದಾಗ ನನಗೆ ಗಂಟಲು ಕಟ್ಟಿತು.

ಇದಕ್ಕೆ ತದ್ವಿರುದ್ಧವಾದದ್ದು ಸ್ಟ್ಯಾನ್ಲಿ ಕುಬ್ರಿಕ್ ಅವರ 'ದಿ ಶೈನಿಂಗ್' ಮೇಕಿಂಗ್, 1980ರದ್ದು. ತೆಗೆದದ್ದು ಅವರ ಮಗಳು ವಿವಿಯನ್, ಇನ್ನೂ ಹದಿಹರೆಯದ ಹುಡುಗಿ. ಮನೆಯವಳಾದ್ದರಿಂದ ಕ್ಯಾಮೆರಾ ಎಲ್ಲಾ ಕಡೆ ನುಗ್ಗುತ್ತದೆ. ಸುಮಾರು ಅರ್ಧ ಗಂಟೆಯದ್ದಾದರೂ ಒಂದು ನಿಮಿಷವೂ ವ್ಯರ್ಥವಿಲ್ಲ. ಉಗ್ರಾಣದ ಬಾಗಿಲಿಗೆ ಒರಗಿ ಜಾಕ್ ನಿಕೋಲ್ಸನ್ ಮಾತಾಡುವ ಶಾಟ್‌ಗೆ ಕುಬ್ರಿಕ್ ವ್ಯೂಫೈಂಡರ್ (ಶಾಟ್ ಹೇಗೆ ಕಾಣುತ್ತದೆ ಅಂತ ನೋಡುವ ಸಾಧನ) ಹಿಡಿದು ನೆಲದ ಮೇಲೆ ಮಲಗಿಬಿಡುತ್ತಾರೆ. ಕೆಳಗಿನಿಂದ ನೋಡುವ ಆ ಕೋನ ಅವರಿಗೆ ಹೊಳೆಯುವುದನ್ನು ನಾವು ಕಣ್ಣಾರೆ ನೋಡುತ್ತೇವೆ! ಆದರೆ ಅದೇ ವಿಡಿಯೋದಲ್ಲಿ ನಟಿ ಶೆಲ್ಲಿ ಡುವಾಲ್ ಮೇಲೆ ಅವರು ರೇಗುವುದೂ ಇದೆ. ಹಾಗೆ ರೇಗಿದ್ದರಿಂದಲೇ ಅಭಿನಯ ಚೆನ್ನಾಗಿ ಬಂತು ಅನ್ನುವವರು ತುಂಬಾ ಜನ. ನಾನು ಒಪ್ಪುವುದಿಲ್ಲ. ಬರ್ಗ್‌ಮನ್ ಅವರ ಸೆಟ್ ನೋಡಿದ ಮೇಲಂತೂ ಒಪ್ಪಲು ಸಾಧ್ಯವೇ ಇಲ್ಲ.

ಕೆಲಸ ಕೈಕೊಟ್ಟಾಗ ನಿರ್ದೇಶಕ ಏನು ಮಾಡುತ್ತಾನೆ ಅನ್ನುವುದಕ್ಕೆ ಆಂದ್ರೇ ತಾರ್ಕೊವ್‌ಸ್ಕಿ ಅವರ 'ದಿ ಸ್ಯಾಕ್ರಿಫೈಸ್' ಶೂಟಿಂಗ್ ನೋಡಿ. ಆ ಸಿನಿಮಾದ ಸಂಕಲನಕಾರರಾಗಿದ್ದ ಮಿಹಾವ್ ಲೆಶ್ಚಿವೊವ್‌ಸ್ಕಿ 1988ರಲ್ಲಿ ಇದನ್ನು ಸಾಕ್ಷ್ಯಚಿತ್ರ ಮಾಡಿದರು. ಸ್ವೀಡನ್‌ನಲ್ಲಿ ಒಂದು ಇಡೀ ಮನೆ ಕಟ್ಟಿ, ಅದು ಸುಟ್ಟು ಬೀಳುವುದನ್ನು ಒಂದೇ ಉದ್ದ ಶಾಟ್‌ನಲ್ಲಿ ಹಿಡಿಯಬೇಕಿತ್ತು. ಒಂದೇ ಕ್ಯಾಮೆರಾ ಸಾಲದು ಅಂತ ಛಾಯಾಗ್ರಾಹಕ ಸ್ವೆನ್ ನಿಕ್‌ವಿಸ್ಟ್ ಹೇಳಿದರೂ ಒಂದನ್ನೇ ಇಟ್ಟರು. ಬೆಂಕಿ ಹತ್ತಿತು, ಕ್ಯಾಮೆರಾ ಜಾಮ್ ಆಯಿತು. ಉರಿಯುವ ಮನೆಯನ್ನು ನಿಲ್ಲಿಸುವುದು ಹೇಗೆ? ಕೊನೆಗೆ ಎರಡೇ ವಾರದಲ್ಲಿ ಮನೆಯನ್ನು ಮತ್ತೆ ಕಟ್ಟಿ, ಈ ಸಲ ಎರಡು ಕ್ಯಾಮೆರಾ ಇಟ್ಟು, ಮತ್ತೆ ಸುಟ್ಟರು. ಶಾಟ್ ಮುಗಿದಾಗ ತಂಡದವರು ಅತ್ತೇಬಿಟ್ಟರು. ನಮಗೆ ಸಿನಿಮಾದಲ್ಲಿ ಸಿಗುವುದು ಆ ಎರಡನೇ ಬೆಂಕಿ. ಎಷ್ಟು ಸಲ ನೋಡಿದರೂ ನನ್ನ ಮೈ ಬಿಗಿಯಾಗುತ್ತದೆ.

ಲೆಸ್ ಬ್ಲ್ಯಾಂಕ್ ಅವರ 'ಬರ್ಡನ್ ಆಫ್ ಡ್ರೀಮ್ಸ್' (1982) ಎಲ್ಲರೂ ಹೇಳುವ ಹೆಸರು. ಪೆರುವಿನ ಕಾಡಿನಲ್ಲಿ ನಿರ್ದೇಶಕ ವೆರ್ನರ್ ಹೆರ್ಜೋಗ್ ತಮ್ಮ 'ಫಿಟ್ಸ್‌ಕರಾಲ್ಡೋ' ಸಿನಿಮಾಗಾಗಿ ನಿಜವಾದ ಹಡಗನ್ನೇ ಗುಡ್ಡ ಹತ್ತಿಸುತ್ತಾರೆ. ನೋಡಲೇಬೇಕಾದ್ದು, ಆದರೆ ಅಲ್ಲಿ ಹಠ ಜಾಸ್ತಿ ಕಾಣುತ್ತದೆ, ನಟರ ಜೊತೆಗಿನ ಕೆಲಸ ಕಡಿಮೆ. ಎಲಿನಾರ್ ಕೊಪ್ಪೊಲಾ ತಮ್ಮ ಗಂಡ ಫ್ರಾನ್ಸಿಸ್ 'ಅಪೊಕ್ಯಾಲಿಪ್ಸ್ ನೌ' ತೆಗೆಯುವಾಗ ಚಿತ್ರಿಸಿದ ದೃಶ್ಯಗಳಿಂದ ಮಾಡಿದ 'ಹಾರ್ಟ್ಸ್ ಆಫ್ ಡಾರ್ಕ್‌ನೆಸ್' (1991) ಇದಕ್ಕಿಂತ ಹತ್ತಿರದ್ದು. ಗಂಡನ ಭಯವನ್ನೂ ಅವರು ರೆಕಾರ್ಡ್ ಮಾಡಿಕೊಂಡಿದ್ದಾರೆ. ಮಗಳು, ಸಂಕಲನಕಾರ, ಹೆಂಡತಿ: ಸೆಟ್‌ನಲ್ಲಿ ಯಾರೂ ಹೊರಗಿನವರು ಅಂದುಕೊಳ್ಳದ ಇಂಥವರಿಗೆ ಸಿಕ್ಕಿದ್ದು ಪ್ರಚಾರದ ತಂಡಕ್ಕೆ ಸಿಗುವುದು ಕಷ್ಟ ಅಲ್ವಾ?

ಕಾಯುವುದು ಹೇಗಿರುತ್ತದೆ ಅಂತ ತಿಳಿಯಬೇಕಿದ್ದರೆ ಕ್ರಿಸ್ ಮಾರ್ಕರ್ ಅವರ 'ಎ.ಕೆ.' (1985). ಅಕಿರಾ ಕುರೊಸಾವಾ 'ರಾನ್' ತೆಗೆಯುತ್ತಿದ್ದಾರೆ. ಕವಚ ತೊಟ್ಟ ಸೈನಿಕರು, ಕುದುರೆಗಳು, ಮಂಜು. ಒಂದು ರಾತ್ರಿಯ ದೃಶ್ಯಕ್ಕೆ ಹುಲ್ಲಿಗೆಲ್ಲ ಚಿನ್ನದ ಬಣ್ಣ ಬಳಿಯುತ್ತಾರೆ. ಆ ದೃಶ್ಯ ಕೊನೆಗೆ ಸಿನಿಮಾದಲ್ಲಿ ಇಲ್ಲವೇ ಇಲ್ಲ.

ನೋಡುವ ಕ್ರಮ ಹೇಳುವುದಾದರೆ, ಮೊದಲು ಸಿನಿಮಾ ನೋಡಿ, ಆಮೇಲೆ ಮೇಕಿಂಗ್, ಆಮೇಲೆ ಆ ಒಂದು ದೃಶ್ಯ ಮಾತ್ರ ಮತ್ತೆ. ಹೆಡ್‌ಫೋನ್ ಹಾಕಿಕೊಳ್ಳಿ, ಮೆಲ್ಲಗೆ ಆಡಿದ ಮಾತುಗಳು ಸುಮ್ನೆ ಹಾಗೇ ನೋಡಿದರೆ ತಪ್ಪಿಹೋಗುತ್ತವೆ. ಕುಬ್ರಿಕ್ ಅವರದ್ದು ಚಿಕ್ಕದು, ಅದರಿಂದ ಶುರು ಮಾಡಿ. ಬರ್ಗ್‌ಮನ್ ಅವರದ್ದಕ್ಕೆ ಒಂದು ಬಿಡುವಿನ ಸಂಜೆ ಇಟ್ಟುಕೊಳ್ಳಿ.