ಮುತ್ಯಾನ ಪತ್ರಗಳಲ್ಲಿ ಯುದ್ಧ ಎಲ್ಲಿದೆ?

ಮುದ್ದೇಬಿಹಾಳದ ಓದುಗರೊಬ್ಬರು ಬರೆದಿದ್ದಾರೆ: ‘ನಮ್ಮ ಮುತ್ಯಾ 1943ರಲ್ಲಿ ಬೆಳಗಾವಿಯ ಮರಾಠಾ ಪಲ್ಟನ್ನಿನಲ್ಲಿ ತರಬೇತಿಗಿದ್ದಾಗ ಬರೆದ ಪತ್ರಗಳು ಸಿಕ್ಕಿವೆ. ಊಟ, ಮನಿಆರ್ಡರ್, ಎತ್ತಿನ ವಿಚಾರ ಬಿಟ್ಟರೆ ಏನೂ ಇಲ್ಲ. ಯುದ್ಧದ ಬಗ್ಗೆ ಒಂದು ಸಾಲೂ ಇಲ್ಲ. ಇಟ್ಟುಕೊಂಡು ಏನು ಉಪಯೋಗ?’

ಇಟ್ಟುಕೊಳ್ಳಿ. ಮೊದಲು ಆ ಊಟದ ಸಾಲುಗಳನ್ನೇ ಮತ್ತೊಮ್ಮೆ ಓದಿ. 1942–43ರಲ್ಲಿ ನಿಮ್ಮ ವಿಜಾಪುರ ಸೀಮೆಯಲ್ಲಿ ಭೀಕರ ಬರ. ಅತ್ತ ಬರ್ಮಾ ಜಪಾನಿಗರ ಕೈಸೇರಿ ಅಲ್ಲಿನ ಅಕ್ಕಿ ನಿಂತಿತ್ತು, ದೇಶದ ತುಂಬ ಕಾಳಿನ ಬೆಲೆ ಏರಿತ್ತು. ಕಡ್ಡಾಯ ಭರ್ತಿ ಇರದಿದ್ದರೂ ಯುದ್ಧ ಮುಗಿಯುವ ಹೊತ್ತಿಗೆ ಭಾರತೀಯ ಸೇನೆ 25 ಲಕ್ಷ ಮುಟ್ಟಿತು. ಸಾಹಸದ ಆಸೆ ಕೆಲವರಿಗೆ ಇದ್ದೀತು. ಪಗಾರ ಮತ್ತು ಎರಡು ಹೊತ್ತಿನ ಊಟ ಅದಕ್ಕಿಂತ ದೊಡ್ಡ ಕಾರಣ.

ನೀವು ಕಳಿಸಿದ ಮೂರು ನಕಲುಗಳನ್ನು ಒಟ್ಟಿಗಿಟ್ಟು ನೋಡಿದೆ. ಮೊದಲನೆಯದರಲ್ಲಿ ‘ಇಲ್ಲಿ ಹೊಟ್ಟಿ ತುಂಬ ಹಾಕತಾರ’. ಎರಡನೆಯದರಲ್ಲಿ ಚಪಾತಿ, ಬ್ಯಾಳಿ. ಮೂರನೆಯದರಲ್ಲಿ ಊಟದ ಸುದ್ದಿಯೇ ಇಲ್ಲ. ‘ಜ್ವಾಳ ಸಿಕ್ಕಾವೋ ಇಲ್ಲೋ, ಮನಿಆರ್ಡರ್ ಮುಟ್ಟೇತೋ ಇಲ್ಲೋ’ ಎಂದು ಎರಡು ಸಲ ಕೇಳಿದ್ದಾರೆ. ನಡುವೆ ಊರಿನಿಂದ ಏನೋ ತಿಳಿದಿರಬೇಕು, ಇದು ನನ್ನ ಊಹೆ. ಮನೆಯವರು ಉಪವಾಸವಿರುವಾಗ ತಾನು ಉಂಡದ್ದನ್ನು ಬರೆಯಲು ಹತ್ತೊಂಬತ್ತರ ಹುಡುಗನಿಗೆ ಕೈ ಏಳಲಿಲ್ಲವೇನೋ. ಯುದ್ಧ ಇರುವುದು ಅಲ್ಲೇ.

ಇನ್ನೊಂದು ಮಾತು. ಆಗ ಹಳ್ಳಿಗೆ ಬಂದ ಪತ್ರವನ್ನು ಮಾಸ್ತರರೋ ಟಪಾಲಿನವರೋ ಕಟ್ಟೆಯ ಮೇಲೆ ಗಟ್ಟಿಯಾಗಿ ಓದುವುದು ಸಾಮಾನ್ಯವಾಗಿತ್ತು. ‘ತೀರ್ಥರೂಪ ತಂದೆಯವರ ಪಾದಗಳಿಗೆ’ ಎಂದು ಶುರುವಾದ ಕಾಗದದಲ್ಲಿ ಬೂಟು ಕಚ್ಚಿದ ಕಾಲು, ಪರೇಡಿನಲ್ಲಿ ತಿಂದ ಬೈಗುಳ ಬರೆದರೆ ಅಷ್ಟೂ ಜನ ಕೇಳಬೇಕಾಗುತ್ತಿತ್ತು. ‘ಹವಾಲ್ದಾರ ಭಾಳ ಛಲೋ ಮನಷ್ಯಾ’ ಎಂಬ ಸಾಲನ್ನು ನಾನಂತೂ ಪೂರ್ತಿ ನಂಬಲಾರೆ.

ಲಕೋಟೆಗಳನ್ನು ಎಸೆಯಬೇಡಿ. ಆಮೇಲಿನವುಗಳ ಮೇಲೆ ಊರಿನ ಹೆಸರಿರದೆ ಫೀಲ್ಡ್ ಪೋಸ್ಟ್ ಆಫೀಸಿನ, ಅಂದರೆ ಸೇನೆಯ ಟಪಾಲು ಕಚೇರಿಯ, ಸಂಖ್ಯೆಯಷ್ಟೇ ಇದ್ದರೆ, ಅದು ಪಲ್ಟನ್ನಿನ ಜಾಗ ಗುಟ್ಟಾಗಿಡಲು ಮಾಡಿದ್ದು. ಆ ಸಂಖ್ಯೆ, ತಾರೀಖುಗಳಿಂದ ಮುತ್ಯಾ ಎಲ್ಲಿದ್ದರೆಂದು ಈಗ ಹುಡುಕಲು ಸಾಧ್ಯ. ಮರಾಠಾ ಪಲ್ಟನ್‌ಗಳು ಇಟಲಿಯಲ್ಲೂ ಕಾದಿವೆ. ಲ್ಯಾಮಿನೇಷನ್ ಬೇಡ, ಅಂಟುಪಟ್ಟಿಯೂ ಬೇಡ. ಫೋಟೊ ತೆಗೆದು, ಮೂಲವನ್ನು ತೇವ ತಾಗದ ಕಡೆ ಇಡಿ.

ನಿಮ್ಮ ಸೋದರತ್ತೆ ಇನ್ನೂ ಗಟ್ಟಿಯಾಗಿದ್ದಾರೆ ಎಂದಿದ್ದೀರಿ. ಅವರಿಗೆ ಓದಿ ಹೇಳಿ. ಆ ಎತ್ತು ಮಾರಿದ ಕಥೆ ಅವರ ಕಿವಿಗೆ ಬಿದ್ದಿರಬಹುದು. ಮನೆಯವರೆಲ್ಲ ಒಪ್ಪಿದರೆ ಒಂದೆರಡು ಪತ್ರಗಳನ್ನು ಇಲ್ಲಿ ಪ್ರಕಟಿಸುತ್ತೇವೆ.

– ಸಂ.